ಹೂವಿಗೆ ಮುಂಚೆ, ಕೊಯ್ಲಾದ ಮೇಲೆ

ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ದೇವೀರಕ್ಕ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇದು ಹೂವಿಗೆ ಮುಂಚೆನಾ, ಕೊಯ್ಲಾದ್ಮೇಲಾ?”

ಮೊದಮೊದಲು ಚಿತ್ರೀಕರಣದವರು ನಗುತ್ತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಿರ್ದೇಶಕರೇ ತಮ್ಮ ಚಿತ್ರಕಥೆಯ ಹಾಳೆಗಳ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಹೂ’, ‘ಕಾಯಿ’, ‘ಹಣ್ಣು’, ‘ಕೊಯ್ಲು’ ಎಂದು ಗುರುತು ಹಾಕಿಕೊಳ್ಳತೊಡಗಿದ್ದರು. ಆ ಹಾಳೆಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಆ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಒಂದು ಕಾಫಿ ಬೆಳೆಗಾರರ ಮನೆತನ, ಅದರ ಜಗಳ, ಅದರ ಹುಚ್ಚಾಟ. ಅರ್ಧ ನಗು, ಅರ್ಧ ಅಳು. ನಾನು ಸಕಲೇಶಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ವಾರಕ್ಕೊಮ್ಮೆಯಾದರೂ ಆ ದಾರಿಯಲ್ಲಿ ಹೋಗುವ ಕೆಲಸ ಇರುತ್ತಿತ್ತು, ಹೋದಾಗ ಬಂಗಲೆಗೆ ಹಣಕಿ ಬರುತ್ತಿದ್ದೆ.

ದೇವೀರಕ್ಕ ಅದೇ ಎಸ್ಟೇಟಿನ ಆಳು. ಮೂವತ್ತು ವರ್ಷದಿಂದ ಅಲ್ಲಿಯೇ ಕಾಫಿ ಕೊಯ್ಯುತ್ತಿದ್ದವರು, ಆಳುಗಳ ಸಾಲುಮನೆಯಲ್ಲಿ, ಅಂದರೆ ಲೈನಿನಲ್ಲಿ, ಒಬ್ಬರೇ ಇದ್ದವರು. ಅಡಿಗೆಯಾಳಿನ ಪಾತ್ರಕ್ಕೆಂದು ಬಂದಿದ್ದ ನಟಿಯ ಕಾಲಿಗೆ ಎರಡನೆಯ ದಿನವೇ ರಕ್ತ ಹೀರುವ ನಾಲ್ಕು ಇಂಬಳ ಹತ್ತಿದವು. ಸುಣ್ಣ ಹಚ್ಚಿ ಅವನ್ನು ಬಿಡಿಸಲು ದೇವೀರಕ್ಕನನ್ನು ಕರೆಸಿದರು. ಇಂಬಳ ಬಿಟ್ಟವು, ನಟಿಯೂ ಊರು ಬಿಟ್ಟರು. ತಟ್ಟೆ ಹಿಡಿದು ಒಳಗೆ ಬರಲು ಯಾರಾದರೂ ಬೇಕಿತ್ತು. ಸುಣ್ಣದ ಡಬ್ಬಿ ಮುಚ್ಚುತ್ತಿದ್ದ ದೇವೀರಕ್ಕ ಎದುರಿಗಿದ್ದರು.

ಪಾತ್ರದ ಹೆಸರು ಚೆಲುವಿ. ಅವಳಿಗಿದ್ದ ಕೆಲಸ ಇಷ್ಟೇ: ಕಾಫಿ ತಟ್ಟೆ ಹಿಡಿದು ಬರುವುದು, ಬೀಳಿಸುವುದು, ಬೈಸಿಕೊಳ್ಳುವುದು.

ಧಾರಾವಾಹಿಯಲ್ಲಿ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ. ಜಗಲಿಯ ದೃಶ್ಯಗಳೆಲ್ಲ ಒಂದು ದಿನ, ಅಡಿಗೆಮನೆಯವೆಲ್ಲ ಇನ್ನೊಂದು ದಿನ. ಬೆಳಿಗ್ಗೆ ಮಾಡಿದ್ದು ಕಥೆಯಲ್ಲಿ ಆರು ತಿಂಗಳ ನಂತರದ್ದು, ಮಧ್ಯಾಹ್ನದ್ದು ಮೊದಲ ವಾರದ್ದು. ನುರಿತ ನಟರೂ ತಡವರಿಸುತ್ತಿದ್ದರು. ಓದು ಬರಹ ಬಾರದ ದೇವೀರಕ್ಕ ತಮಗೆ ಗೊತ್ತಿದ್ದ ಲೆಕ್ಕಕ್ಕೆ ಎಲ್ಲವನ್ನೂ ಹೊಂದಿಸಿಕೊಂಡರು. ಚೆಲುವಿ ಆ ಮನೆಗೆ ಹೊಸದಾಗಿ ಬಂದದ್ದು ಹೂವಿಗೆ ಮುಂಚೆ. ಮನೆಯವರ ಗುಟ್ಟು ಒಂದೊಂದೇ ತಿಳಿದದ್ದು ಕಾಯಿ ಕಟ್ಟುವಾಗ. ಮನೆಯ ಯಜಮಾನಿ ಅವಳ ಕೈಗೆ ಬೀಗದ ಕೈ ಗೊಂಚಲು ಕೊಟ್ಟದ್ದು ಹಣ್ಣು ಕೊಯ್ಲಿನಲ್ಲಿ.

ಹೂವಿಗೆ ಮುಂಚಿನ ಚೆಲುವಿ ಗೋಡೆ ಪಕ್ಕದಲ್ಲೇ ನಡೆಯುತ್ತಿದ್ದಳು. ಕಾಯಿ ಕಾಲದವಳು ಕೋಣೆಯ ನಡುವೆ ಹಾದುಹೋಗುತ್ತಿದ್ದಳು. ಕೊಯ್ಲಾದ ಮೇಲಿನ ಚೆಲುವಿ ಯಾರನ್ನೂ ಕೇಳದೆ ಕಿಟಕಿ ತೆರೆಯುತ್ತಿದ್ದಳು. ಇದನ್ನು ಯಾವ ಹಾಳೆಯಲ್ಲೂ ಯಾರೂ ಬರೆದಿರಲಿಲ್ಲ.

“ಇದೆಲ್ಲ ಯಾರು ಹೇಳಿಕೊಟ್ಟರು?” ಎಂದು ಒಮ್ಮೆ ಕೇಳಿದೆ.

“ಯಾರ್ ಹೇಳ್ಕೊಡ್ತಾರೆ ಪೇಪರ್‌ನೋರೆ? ಗಿಡ ಒಂದೇ. ಹೂವಿದ್ದಾಗ ಮೈ ತಾಗಿಸ್ಕೊಂಡು ಹೋಗಕ್ಕಾಯ್ತದಾ? ಮನುಷ್ರೂ ಅಷ್ಟೇ ಕಣ್ರೀ.”

ಆ ಚಿತ್ರೀಕರಣದ ಬಗ್ಗೆ ನಾನು ಮೊದಲು ಬರೆದ ಲೇಖನದಲ್ಲಿ ಐವರು ಕಲಾವಿದರ ಹೆಸರಿತ್ತು. ಕೊನೆಯಲ್ಲಿ ನಮ್ಮ ವೃತ್ತಿಯ ಹಳೆಯ ಚಾಳಿಯಂತೆ ‘ಮತ್ತಿತರರು ಅಭಿನಯಿಸುತ್ತಿದ್ದಾರೆ’ ಎಂದು ಸೇರಿಸಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅದನ್ನು ದೇವೀರಕ್ಕನಿಗೆ ಓದಿ ಹೇಳಿದ್ದ. ಮುಂದಿನ ಸಲ ಕಂಡಾಗ ಅವರು, “ನಿಮ್ ಮತ್ತಿತರರಲ್ಲಿ ಎಷ್ಟ್ ಜನ ಅವ್ರೆ? ನಂಗೂ ಜಾಗ ಸಿಕ್ತಾ, ಇಲ್ಲ ನಿಂತ್ಕಂಡೇ ಇದೀನಾ?” ಎಂದರು. ನಕ್ಕು ಕಾಫಿ ಕೊಟ್ಟರು.

ಮಳೆಗಾಲದ ಕೊನೆಗೆ ಒಂದು ದಿನ ಅವರು ತಟ್ಟೆ ಕೆಳಗಿಟ್ಟು ನಿರ್ದೇಶಕರ ಮುಂದೆ ಬಂದು ನಿಂತರು.

“ಡೈರೆಕ್ಟರಪ್ಪ, ಇವ್ಳು ಇನ್ನೂ ಲೋಟ ಬೀಳಿಸ್ತಾನೇ ಅವ್ಳೆ. ಇಷ್ಟ್ ದಿನ ಓಡಾಡಿದ್ರೆ ದನಾನೂ ದಾರಿ ಕಲೀತದೆ.”

“ಜನ ನಗಬೇಕಲ್ಲಕ್ಕ.”

“ನಗ್ಲಿ. ಬೀಳದೇ ಇರೋದಕ್ಕೆ ನಗ್ಲಿ.”

ಆ ದೃಶ್ಯದಲ್ಲಿ ಹೊಸಿಲು ದಾಟುವಾಗ ಚೆಲುವಿ ಎಡವಿದಳು. ತಟ್ಟೆ ವಾಲಿತು. ಜಗಲಿಯಲ್ಲಿ ಕೂತ ಮನೆಯವರೆಲ್ಲ ಅಭ್ಯಾಸಬಲದಿಂದ ಕಾಲು ಮೇಲೆತ್ತಿಕೊಂಡರು. ಲೋಟಗಳು ಜಾರಿ ಅಂಚಿಗೆ ಬಂದು ನಿಂತವು. ಚೆಲುವಿ ಎಲ್ಲರ ಕಾಲುಗಳನ್ನೂ ಒಂದೊಂದಾಗಿ ನೋಡಿ, “ಇಳಿಸ್ಕಳಿ” ಎಂದಳು. ದೀಪ ಹಿಡಿದವನೂ ನಕ್ಕ. ಅದು ಪ್ರಸಾರವಾದ ದಿನದಿಂದ ನೋಡುಗರು ಅವಳ ಜೊತೆ ನಗತೊಡಗಿದರು.

ಹಾಗಿರುವಾಗಲೇ ಬೆಂಗಳೂರಿನ ಚಾನೆಲ್‌ನಿಂದ ಹೊಸ ದೃಶ್ಯದ ಹಾಳೆಯೊಂದು ಬಂತು. ದೇವೀರಕ್ಕನಿಗೆ ಹಾಳೆ ಓದಿ ಹೇಳುತ್ತಿದ್ದ ಸಹಾಯಕ ನಿರ್ದೇಶಕ ಅಂದು ಯಸಳೂರಿಗೆ ಹೋಗಿದ್ದ. ದೇವೀರಕ್ಕ ಹಾಳೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಓದಿದೆ. ಯಜಮಾನಿಯ ಚಿನ್ನದ ಅವಲಕ್ಕಿ ಸರ ಕಳುವಾಗಿದೆ. ಕದ್ದವಳು ಚೆಲುವಿ. ಸಿಕ್ಕಿಬಿದ್ದ ಅವಳು ಯಜಮಾನಿಯ ಕಾಲು ಹಿಡಿದು ‘ಆಸೆಗೆ ಬಿದ್ದು ಕದ್ದೆ, ತಪ್ಪಾಯ್ತು’ ಎಂದು ಅಳುತ್ತಾಳೆ. ಅವಳನ್ನು ಹೊರಗೆ ಹಾಕುತ್ತಾರೆ. ಪಾತ್ರ ಅಲ್ಲಿಗೆ ಮುಗಿಯಿತು.

“ಇನ್ನೊಂದ್ಸಲ ಓದಿ.” ಮತ್ತೆ ಓದಿದೆ.

“ಇದು ಯಾವಾಗಿಂದು?”

ಅಂಚಿನಲ್ಲಿ ನಿರ್ದೇಶಕರ ಪೆನ್ಸಿಲ್ ಗುರುತು ನೋಡಿದೆ. “ಕೊಯ್ಲಾದ ಮೇಲೆ.”

ದೇವೀರಕ್ಕ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ನಿರ್ದೇಶಕರ ಹತ್ತಿರ ಹೋದರು. “ಆಗ ಬೀಗದ ಕೈ ಇವ್ಳ ಸೊಂಟದಲ್ಲೇ ಐತೆ. ಆಯಮ್ಮನೇ ನಂಬಿ ಕೊಟ್ಟಿದ್ದು. ಕದಿಯೋಳಾಗಿದ್ರೆ ಹೂವಿಗೆ ಮುಂಚೆನೇ ಕದ್ಬುಡ್ತಿದ್ಲು, ಡೈರೆಕ್ಟರಪ್ಪ. ಆಗ ಅವ್ಳಿಗೆ ಉಣ್ಣಕ್ಕೂ ಇರ್ಲಿಲ್ಲ.”

ನಿರ್ದೇಶಕರು ನೆಲ ನೋಡುತ್ತ ಹೇಳಿದರು: “ನಂಗೂ ಗೊತ್ತಕ್ಕ. ಚಾನೆಲ್‌ನವರ ತೀರ್ಮಾನ. ನೀವು ಮಾಡದಿದ್ರೆ ಬೇರೆಯವರನ್ನ ಹಾಕಿ ಮಾಡಿಸ್ತಾರೆ. ಎರಡರಲ್ಲೂ ಚೆಲುವಿ ಹೋಗ್ತಾಳೆ.”

“ಮಾಡಕಿಲ್ಲ ಅಂದ್ನಾ? ಕಳ್ಳಿ ಪಾಲ್ಟ್ ಕೊಡಿ, ಕಳ್ಳೀನೂ ಮಾಡ್ತೀನಿ. ಇವ್ಳು ಕದ್ದಿಲ್ಲ. ಅಷ್ಟು ನಂಗೊತ್ತು.”

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಆ ಎಸ್ಟೇಟಿನ ಒಂದು ಪದ್ಧತಿ ತಿಳಿದಿರಬೇಕು. ಸಂಜೆ ಕಣದಲ್ಲಿ ಹಣ್ಣು ತೂಗಿದ ಮೇಲೆ ಪ್ರತಿಯೊಬ್ಬ ಹೆಂಗಸೂ ರೈಟರ್ ಎದುರು ಸೊಂಟಕ್ಕೆ ಕಟ್ಟಿಕೊಂಡ ತನ್ನ ಕೊಯ್ಲಿನ ಚೀಲವನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಎರಡು ಸಲ ಒದರಬೇಕು. ಏನೂ ಉಳಿಸಿಕೊಂಡಿಲ್ಲ ಎಂದು ತೋರಿಸಬೇಕು. ಆಮೇಲೆಯೇ ಮನೆಗೆ.

ದೃಶ್ಯ ಆರಂಭವಾಯಿತು. ಬಂಗಲೆಯ ಅಂಗಳದಾಚೆ ಲೈನಿನ ಹೆಂಗಸರು ನಿಂತು ನೋಡುತ್ತಿದ್ದರು. ಯಜಮಾನಿಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿ ತಮ್ಮ ಮಾತು ಹೇಳಿದರು: “ನಂಬಿದ ಮನೆಗೇ ಕನ್ನ ಹಾಕಿದ್ಯಲ್ಲೇ.”

ಚೆಲುವಿ ಕಾಲಿಗೆ ಬೀಳಲಿಲ್ಲ. ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದಳು. ಅದರೊಳಗಿನದನ್ನು ನೆಲಕ್ಕೆ ಸುರಿದಳು: ಒಂದು ಹೋಳು ಅಡಿಕೆ, ಸುಣ್ಣದ ಡಬ್ಬಿ. ಸಂಚಿಯ ಒಳಮೈ ಹೊರಗೆ ಮಾಡಿ ಎರಡು ಸಲ ಒದರಿದಳು. ಸೆರಗಿನ ಗಂಟು ಬಿಚ್ಚಿ ಎರಡು ಸಲ ಒದರಿದಳು. ಬೀಗದ ಕೈ ಗೊಂಚಲು ತೆಗೆದು ಸದ್ದಾಗದಂತೆ ಯಜಮಾನಿಯ ಮುಂದಿಟ್ಟಳು. ಆಮೇಲೆ ಎರಡೂ ಅಂಗೈ ತೆರೆದು ನಿಂತಳು.

ಅಂಗಳದಾಚೆಯ ಹೆಂಗಸರಲ್ಲಿ ಒಬ್ಬಳ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಯಿತು. ಹಿರಿಯ ನಟಿ ‘ತೊಲಗಾಚೆ’ ಎನ್ನಬೇಕಿತ್ತು. ಅದರ ಬದಲು ಅವರು ಬಗ್ಗಿ ಬೀಗದ ಕೈ ಗೊಂಚಲು ಎತ್ತಿಕೊಂಡರು, ಏನು ಮಾಡಬೇಕೆಂದು ತೋಚದೆ ಹಿಡಿದೇ ನಿಂತರು. ನಿರ್ದೇಶಕರು ‘ಕಟ್’ ಹೇಳಲು ಬಹಳ ಹೊತ್ತು ಹಿಡಿಯಿತು. ಇಷ್ಟು ವರ್ಷ ಸಭೆ, ಅಪಘಾತ, ಚುನಾವಣೆ ಎಂದು ವರದಿ ಮಾಡಿದವನು ನಾನು. ಕೈಯಲ್ಲಿ ಪುಸ್ತಕವಿತ್ತು, ಪೆನ್ನಿತ್ತು. ಒಂದು ಅಕ್ಷರವನ್ನೂ ಬರೆದುಕೊಳ್ಳಲಿಲ್ಲ.

ನಿರ್ದೇಶಕರು ಆ ದೃಶ್ಯವನ್ನು ಇದ್ದ ಹಾಗೆಯೇ ಬೆಂಗಳೂರಿಗೆ ಕಳಿಸಿದರು. ದೇವೀರಕ್ಕ ಮರುದಿನ ಕೊಯ್ಲಿಗೆ ಹೋದರು. ಎರಡು ವಾರ ಯಾವ ಸುದ್ದಿಯೂ ಇರಲಿಲ್ಲ. ಕೇಳಿದರೆ, “ನಾನು ಒದರಿ ತೋರಿಸಿದ್ದಾಯ್ತು ಮಾರಾಯ್ರೆ. ನೋಡೋದು ಅವ್ರ ಕೆಲ್ಸ” ಎನ್ನುತ್ತಿದ್ದರು.

ಹೊಸ ಹಾಳೆ ಬಂದಾಗ ಸರ ಹಿರಿಯ ಅಳಿಯನ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಚೆಲುವಿ ಉಳಿದಳು. ಅವಳೊಬ್ಬಳೇ ಅಲ್ಲ, ಆ ಮನೆಯೇ ಬದಲಾಯಿತು. ಗದರುವುದನ್ನೇ ಕೆಲಸ ಮಾಡಿಕೊಂಡಿದ್ದ ಯಜಮಾನಿ ತಪ್ಪು ಒಪ್ಪಿಕೊಳ್ಳುವುದನ್ನು ಕಲಿಯಬೇಕಾಯಿತು. ತಮಾಷೆಯ ಅಳಿಯನಿಗೆ ಮೊದಲ ಬಾರಿ ನಾಚಿಕೆ ಬಂತು. ತಟ್ಟೆ ಹಿಡಿದು ಬಂದವಳು ಇಡೀ ಕಥೆಯನ್ನು ಒಂದು ಮೊಳ ಎತ್ತರಕ್ಕೆ ಎತ್ತಿಟ್ಟಿದ್ದಳು.

ಧಾರಾವಾಹಿ ಮುಗಿದ ಮೇಲಿನ ಕೊಯ್ಲಿನಲ್ಲಿ ಅಕಾಲ ಮಳೆಯ ಸುದ್ದಿಗೆಂದು ಅದೇ ಎಸ್ಟೇಟಿಗೆ ಹೋಗಿದ್ದೆ. ಸಂಜೆ ಕಣದಲ್ಲಿ ದೇವೀರಕ್ಕ ಸಾಲಿನಲ್ಲಿದ್ದರು. ಅವರ ಸರದಿ ಬಂದಾಗ ರೈಟರ್ ಸಂಕೋಚದಿಂದ, “ನಿಮ್ಗ್ಯಾಕೆ ದೇವೀರಕ್ಕ ಇದೆಲ್ಲ? ಹೋಗಿ ನೀವು” ಎಂದ.

“ನಂಗೊಬ್ಳಿಗೆ ಬ್ಯಾಡ ಅಂದ್ರೆ ಇವ್ರೆಲ್ಲ ಕಳ್ಳೀರಾ?”

ಚೀಲ ಮಗುಚಿ ಎರಡು ಸಲ ಒದರಿ, ನನ್ನ ಕಡೆ ನೋಡಿ ನಕ್ಕು ಲೈನಿನತ್ತ ನಡೆದರು. ಅದೇ ಕೊನೆಯ ಭೇಟಿ.

ಕಾಫಿ ಹೂ ಅರಳಿಸುವ ಮುಂದಿನ ಹೂಮಳೆಗೆ ಮುಂಚೆ ಅವರು ತೀರಿಕೊಂಡರು. ನಾನು ಬರೆದ ಸುದ್ದಿ ನಾಲ್ಕೇ ಸಾಲಿನದು. ‘ಕಾಫಿ ಕಾರ್ಮಿಕೆ, ಕಲಾವಿದೆ’ ಎಂದು ಬರೆದಿದ್ದೆ. ಅದರಲ್ಲಿ ಇದ್ದದ್ದು ಅವರೊಬ್ಬರದೇ ಹೆಸರು.

ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದ ಮನೆಯಾಕೆ ಬಾಗಿಲು ತೆರೆದು ತೋರಿಸಿದಳು. ಒಂದು ಚಾಪೆ, ಎರಡು ಪಾತ್ರೆ. ಬಾಗಿಲ ಹಿಂದಿನ ಮೊಳೆಗೆ ಕೊಯ್ಲಿನ ಚೀಲ ನೇತಾಡುತ್ತಿತ್ತು, ಒಳಮೈ ಹೊರಗಾಗಿ.