ಮೂಲೆಯ ನಟ್ಟು

ಬಾನೆಟ್ ಎತ್ತಿದ ಕೂಡಲೇ ನನಗೆ ನನ್ನದೇ ರಕ್ತದೊತ್ತಡ ನೆನಪಾಗುತ್ತದೆ. ಒಳಗೆ ಅಷ್ಟೊಂದು ಕೊಳವೆ, ಅಷ್ಟೊಂದು ತಂತಿ. ಯಾವುದು ಯಾವಾಗ ಕೈಕೊಡುತ್ತದೋ! ಹೊಸ ಕಾರಿನೆದುರೇ ಹೀಗೆ ಬೆವರುವ ನನ್ನನ್ನು ವಿಧಿ ಪಂಚನಹಳ್ಳಿಗೆ ಕರೆದೊಯ್ದು, ಅತ್ತೆ ಗಿರಿಜಮ್ಮನವರ ಹಳೆಯ ಕಾರಿನ ಮುಂದೆ ನಿಲ್ಲಿಸಿತು.

ತೀರಿಹೋದ ಮಾವನವರು ತಾವೇ ಬಿಚ್ಚಿ, ತಾವೇ ಜೋಡಿಸಿ ಸಾಕಿದ ಕಾರದು. ಎಂಜಿನ್ನಿನ ಮೇಲಿನ ಮುಚ್ಚಳದ ಸಂದಿನಿಂದ ನೀರು ಸೋರುತ್ತಿತ್ತು. ಮುಚ್ಚಳ ತೆಗೆದು ಅದರಡಿಯ ತೆಳು ಹಾಳೆ, ಗ್ಯಾಸ್ಕೆಟ್, ಬದಲಿಸಿದರೆ ಸರಿಹೋಗುತ್ತದೆ. ಆದರೆ ಹಿಂಬದಿಯ ಮೂಲೆಯ ನಟ್ಟೊಂದು ಜಪ್ಪಯ್ಯ ಎಂದರೂ ಬಿಡಲಿಲ್ಲ. ಕಡೂರಿನಿಂದ ಬಂದ ಮೆಕ್ಯಾನಿಕ್, "ಬಲವಂತ ಮಾಡಿದ್ರೆ ಬೋಲ್ಟು ಒಳಗೇ ಮುರ್ಕೊಂಡ್ಬಿಡ್ತದೆ ಸಾರ್. ಆಮೇಲೆ ಗುಜರಿಗೇ" ಎಂದು ಹೊರಟುಹೋದ.

"ಗುಜರಿಗೆ ಹೋದ್ರೆ ಹೋಗ್ಲಿ, ಕಬ್ಬಿಣ ತಾನೆ" ಎಂದರು ಅತ್ತೆ. ಹಾಗೆನ್ನುವಾಗ ಕಾರಿನ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದರು.

ಅದು ಇಂಚಿನ ಕಾಲದ ನಟ್ಟು. ನಮ್ಮದು ಮಿಲಿಮೀಟರಿನ ಕಾಲದ ಸ್ಪ್ಯಾನರು. ಒಂದು ಸಡಿಲ, ಅದಕ್ಕಿಂತ ಚಿಕ್ಕದು ನಟ್ಟಿನ ಮೇಲೆ ಕೂರದು. ಇಂಚಿನ ಸ್ಪ್ಯಾನರಿಗಾಗಿ ತರೀಕೆರೆ, ಅಜ್ಜಂಪುರದ ಅಂಗಡಿಗಳಿಗೆಲ್ಲ ಹೋಗಿ ಬಂದೆ. ಎಲ್ಲರೂ ನನ್ನ ಕಡೆ ನೋಡಿದ ರೀತಿಯಲ್ಲಿ ನಾನೂ ಇಂಚಿನ ಕಾಲದವನೇ ಎಂಬ ಅನುಮಾನ ಬಂತು.

ಆಗ ರಂಗಕ್ಕೆ ಇಳಿದವನು ಬಾಮೈದ ಶಿವಣ್ಣ. ಕೊಳವೆಬಾವಿಯಿಂದ ಮೋಟರು ಎತ್ತುವುದರಲ್ಲಿ ತನ್ನ ಸಮ ಯಾರೂ ಇಲ್ಲವೆಂದು ತಾನೇ ಸಾರುವ ತೆಂಗಿನ ತೋಟದ ಧಣಿ. ಮೊದಲ ದಿನ ತುಕ್ಕು ಬಿಡಲೆಂದು ನಟ್ಟಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸುರಿದ. ಮಾಗಿಯ ಚಳಿ, ಬೆಳಗ್ಗೆ ನೋಡಿದರೆ ನಟ್ಟು ಬೆಣ್ಣೆ ಮೆತ್ತಿದಂತೆ ಬೆಳ್ಳಗೆ ಕುಳಿತಿತ್ತು.

"ಏನೋ ಇದು, ಎಂಜಿನ್‌ಗೆ ತಲೆ ಬಾಚ್ತೀಯಾ?" ಎಂದರು ಅತ್ತೆ.

"ಸುಮ್ನಿರವ್ವ, ಮುಂದೆ ನೋಡ್ತಿರು!"

ಮುಂದೆ ನೋಡಿದ್ದು ನಿಜಕ್ಕೂ ನೋಡುವಂಥದ್ದೇ. ಎಣ್ಣೆ ಒರೆಸಿ ಸೀಮೆಎಣ್ಣೆ ಬಿಟ್ಟ. ಹಳೆಯ ಸ್ಪ್ಯಾನರನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಆ ಮೂಲೆಗೆ ಇಳಿಯುವಂತೆ ಕೊಕ್ಕರೆಯ ಕತ್ತಿನ ಹಾಗೆ ಬಗ್ಗಿಸಿದ. ಸಡಿಲವಿದ್ದ ಸಂದಿಗೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ತುರುಕಿದ. ಹಿಡಿಗೆ ಬೋರಿನ ಪೈಪಿನ ತುಂಡು ಸಿಕ್ಕಿಸಿದ. ಜಗತ್ತಿನಲ್ಲಿ ಒಂದೇ ಒಂದು ನಟ್ಟಿಗಾಗಿ ಹುಟ್ಟಿದ ಉಪಕರಣ! ಆದಿಮಾನವ ಕಲ್ಲು ಮಸೆದು ಎತ್ತಿ ನೋಡಿದಾಗ ಪಕ್ಕದಲ್ಲಿದ್ದವನಿಗೆ ಹೇಗೆ ಮೈ ಜುಮ್ಮೆಂದಿರಬೇಕೋ, ನನಗೂ ಹಾಗೇ ಆಯಿತು. ಆ ಪಕ್ಕದವನೂ ನನ್ನಂತೆಯೇ "ಕೈಗೆ ಬಡಿದೀತು, ಜೋಪಾನ" ಎಂದಿರಬೇಕು.

ಆದರೂ ಶಿವಣ್ಣ ತಿರುಗಿಸಲಿಲ್ಲ. ಸುತ್ತಿಗೆಯಿಂದ ನಟ್ಟಿನ ತಲೆಗೆ ಮೆಲ್ಲಗೆ ಬಡಿದು ತಾಯಿಯ ಮುಖ ನೋಡಿದ. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವವರು ಆ ಮನೆಯಲ್ಲಿ ಅತ್ತೆಯೇ. ಅವರು ಕಣ್ಣು ಮುಚ್ಚಿ ಕೇಳಿದರು.

"ಊಹೂಂ. ಇನ್ನೂ ಕಚ್ಕೊಂಡೈತೆ."

ಮತ್ತೆ ಸೀಮೆಎಣ್ಣೆ, ಮತ್ತೆ ಬಡಿತ, ಮತ್ತೆ ಊಹೂಂ. ಎರಡು ದಿನ ಹೀಗೇ ನಡೆಯಿತು. ಮೂರನೆಯ ಬೆಳಗ್ಗೆ ಅವರು ಕಣ್ಣು ತೆರೆದು, "ದನಿ ಬದಲಾಯ್ತು ಕಣೋ, ಈಗ ನೋಡು" ಎಂದರು. ನನಗೆ ಯಾವ ಬದಲಾವಣೆಯೂ ಕೇಳಲಿಲ್ಲ. ನನ್ನ ಎದೆಬಡಿತದ ಸದ್ದೇ ಜೋರಾಗಿತ್ತು.

ಶಿವಣ್ಣ ಪೈಪಿಗೆ ಭಾರ ಬಿಟ್ಟ. ಕಿರ್ರ್ ಎಂದಿತು. ಮುರಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಭಾವ, ಕಣ್ ಬಿಡಿ. ಬಂತು."

ಅಂಗೈ ಮೇಲೆ ನಟ್ಟು ತುಕ್ಕು ಹಿಡಿದು ಕೆಂಪಗಿತ್ತು. ಒಳಗಿನ ತಿರುಪಿನ ಗೆರೆಗಳು ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಅಷ್ಟು ವರ್ಷ ಬೆಳಕನ್ನೇ ಕಾಣದ ಹೊಳಪು! ಅತ್ತೆ ಅದನ್ನು ತೆಗೆದುಕೊಂಡು ಬೆರಳಿನಿಂದ ಸವರಿದರು.

"ಇದನ್ನ ಕೊನೇಲಿ ಬಿಗಿ ಮಾಡಿದ್ದು ಅವ್ರೇ. ಏನೇ ಆಗ್ಲಿ, ಅವ್ರು ಒಂದು ಸುತ್ತು ಜಾಸ್ತೀನೇ ಬಿಗಿಯೋರು."

ಮಧ್ಯಾಹ್ನ ಹೊಸ ಗ್ಯಾಸ್ಕೆಟ್ ಕೂತಿತು. ಆ ನಟ್ಟನ್ನು ಬಿಗಿಯುವ ಗೌರವವನ್ನು ನನಗೇ ಬಿಟ್ಟರು. ಎಷ್ಟು ತಿರುಗಿಸಬೇಕೆಂದು ಶಿವಣ್ಣ ಗುರುತು ಮಾಡಿ ತೋರಿಸಿದ. ಗುರುತಿನವರೆಗೆ ತಿರುಗಿಸಿದೆ. ಸಾಲದೇನೋ ಎನಿಸಿ ಮತ್ತೆ ಪೈಪು ಹಿಡಿದೆ.

"ಸಾಕು ಬಿಡಿ ಅಳಿಯಂದ್ರೆ" ಎಂದರು ಅತ್ತೆ, "ಮುಂದೆ ಬಿಚ್ಚೋರೂ ಇರ್ತಾರಲ್ಲ."

ಕೈ ತೆಗೆದೆ. ನೀರು ತುಂಬಿ ಎಂಜಿನ್ ಚಾಲೂ ಮಾಡಿದಾಗ ಒಂದು ಹನಿಯೂ ಸೋರಲಿಲ್ಲ.