ಸುಗಲಮ್ಮ ತೆಗೆದ ತೂಬು

ಮೆಹದಿಪಟ್ಟಣದಲ್ಲಿ ಭೀಮಾಶಂಕರನ ಷೆಡ್ಡಿದೆ. ಅಲ್ಲಿ ಮದುವೆ ಮೆರವಣಿಗೆಗೆ ಹೋಗುವ ಒಂದು ತೆರೆದ ಕಾರಿದೆ. ಅದರ ಬಟ್ಟೆಯ ಟಾಪು ಹರಿದಾಗಲೆಲ್ಲ ಹೊಲಿದವನು ನಾನು. ತೊಳೆದು ಬೆಳಗುವವಳು ಸುಗಲಮ್ಮ. ದೇವದುರ್ಗದ ಕಡೆಯವಳು. ಗಂಡನ ಜೊತೆ ಕಟ್ಟಡದ ಮೇಲೆ ಸಿಮೆಂಟು ಹೊರಲು ಈ ಊರಿಗೆ ಬಂದಳು. ಗಂಡ ಸತ್ತ ಮೇಲೆ ಎದೆಗೂಸನ್ನು ಸೀರೆಯಲ್ಲಿ ಕಟ್ಟಿಕೊಂಡು ಷೆಡ್ಡಿನ ಕೆಲಸ ಹಿಡಿದಳು. ಆ ಕೂಸೇ ವಿಜಯಶ್ರೀ.

ಇಂಥ ಕಾರಿನ ಜೀವ ಎಂಜಿನ್ನಿನಲ್ಲಿಲ್ಲ, ತೂಬಿನಲ್ಲಿದೆ. ಹಿಂದಿನ ಸೀಟಿನ ಬೆನ್ನಿಗೆ ಟಾಪು ಮಡಚಿ ಕೂರುವ ಒಂದು ಗುಣಿ. ಅದರ ಎರಡೂ ಮೂಲೆಗೆ ಕಿರುಬೆರಳೂ ಹೋಗದ ತೂತು. ಟಾಪಿನ ಮೇಲೆ ಬಿದ್ದ ಮಳೆನೀರು ಆ ತೂತಿನಿಂದ ರಬ್ಬರಿನ ಕೊಳವೆಗೆ ಇಳಿದು ಗಾಲಿಯ ಹತ್ತಿರ ನೆಲಕ್ಕೆ ಬೀಳಬೇಕು. ಕಸ ಕಟ್ಟಿಕೊಂಡರೆ ನೀರೆಲ್ಲ ಒಳಗೇ. ಆಮೇಲೆ ಕಾರು ಮೇಲೆ ಮದುಮಗ, ಒಳಗೆ ಕೊಳೆತ ಕುಂಬಳಕಾಯಿ. ಸುಗಲಮ್ಮ ಆ ತೂತುಗಳನ್ನು ತೂಬು ಎಂದೇ ಕರೆಯುತ್ತಿದ್ದಳು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತಂದು, ಕೊಳವೆ ಹರಿಯದಂತೆ ಅದರ ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಕಿವಿಯ ಗುಗ್ಗೆ ತೆಗೆಯುವವಳ ಹಾಗೆ ಮೆಲ್ಲಗೆ ಇಳಿಸುವಳು. ಆಮೇಲೆ ಒಂದು ಚೊಂಬು ನೀರು ಹೊಯ್ದು ಗಾಲಿಯ ಬುಡಕ್ಕೆ ಬಗ್ಗಿ ನೋಡುವಳು. ಪ್ರತಿ ಮದುವೆಯ ಮರುದಿನ ಚೆಂಡುಹೂವಿನ ಎಸಳು, ಅರಿಶಿನದಕ್ಕಿ, ಯಾರದೋ ಕೂದಲು ಹೊರಗೆ ಬರುತ್ತಿದ್ದವು.

ಒಂದೇ ಒಂದು ಮದುವೆಯ ಕಸವನ್ನು ಅವಳು ತೆಗೆಯಲಿಲ್ಲ. ಅದು ಮಗಳ ಮದುವೆ.

ಬೇಸಿಗೆಯ ಕೊನೆಯ ಮುಹೂರ್ತದಲ್ಲಿ ವಿಜಯಶ್ರೀಯನ್ನು ಸಿಕಂದರಾಬಾದಿಗೆ ಕೊಟ್ಟರು. ಭೀಮಾಶಂಕರ ತಾನೇ ಕಾರು ಹೊರಡಿಸಿದ. ಈ ಊರಲ್ಲಿ ಎಲ್ಲರೂ ಅಕ್ಕಿ ಎರಚಿದರೆ ನಮ್ಮ ಕಡೆ ಅಕ್ಷತೆಯೆಂದರೆ ಜೋಳ. ದೇವದುರ್ಗದಿಂದ ಬಂದ ಹೆಂಗಸರು ಬೊಗಸೆ ಬೊಗಸೆ ಜೋಳವನ್ನು ಹಿಂದಿನ ಸೀಟಿನಲ್ಲಿ ಕುಳಿತ ಹುಡುಗಿಯ ಮೇಲೆ ಸುರಿದರು. ಕಾರು ಷೆಡ್ಡಿಗೆ ಮರಳಿದಾಗ ನಾನೇ ದಾರ ಕೊಟ್ಟೆ. ಸುಗಲಮ್ಮ ಕೈ ಹಿಂದೆಗೆದುಕೊಂಡಳು.

"ಬ್ಯಾಡ ಕಾಕಾ. ಮಗಳು ಹೋದ ಬೆನ್ನಿಗೆ ಕಸ ಹೊಡಿಬಾರದು."

"ಅದು ಮನಿಯೊಳಗ, ಯವ್ವಾ. ಇದು ಕಾರು."

"ಆಕಿ ಹೋಗಿದ್ದು ಇದರಾಗೇ ಅಲ್ಲೇನು?"

ನಾಳೆ ನಾಡಿದ್ದು ಎನ್ನುತ್ತ ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಕಾರು ನಿಂತಲ್ಲೇ ನಿಂತಿತು. ಷೆಡ್ಡಿನ ಸೋರುವ ತಗಡಿನ ಕೆಳಗೆ ಅದರ ಮೇಲೆ ಮಳೆ ಸುರಿಯಿತು.

ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕುಳಿತು ಸೀಟಿನ ಗವಸು ಹೊಲಿಯುತ್ತಿದ್ದೆ. ಕಾರಿನ ಹಿಂದಿನ ಎಡಮೂಲೆಯಿಂದ ಸದ್ದು ಬಂತು. ಎರಡು ಬಿಕ್ಕು. ಸರ್ರನೆ ಉಸಿರು ಒಳಗೆಳೆದ ಹಾಗೆ ಒಂದು ಸೆಳೆತ. ಮತ್ತೆ ಎರಡು ಬಿಕ್ಕು. ಸುಗಲಮ್ಮನ ಕೈಯ ಬಕೀಟು ಅಲ್ಲೇ ಉಳಿಯಿತು.

"ನಮ್ಮ ವಿಜ್ಜಿ," ಅಂದಳು. "ಕೂಸಿದ್ದಾಗಿಂದ ಹಿಂಗ ಅಳ್ತಾಳ."

"ನೀರು, ಯವ್ವಾ. ಕೊಳವಿಯೊಳಗ ಗಾಳಿ ಸಿಕ್ಕೊಂಡು ಗುಳುಗುಳು ಅನ್ನಾಕತ್ತೈತಿ."

"ನೀ ಟಾಪ್ ಹೊಲಿಯಾಂವ, ಕಾಕಾ. ನಾ ಹಡದಾಕಿ."

ಅಂದೇ ಸಿಕಂದರಾಬಾದಿಗೆ ಫೋನು ಮಾಡಿದಳು. ಎತ್ತಿದ್ದು ಬೀಗತಿ ಗಂಗೂಬಾಯಿ. "ನಿಮ್ಮ ಮಗಳು ಆರಾಮ ಅದಾಳ್ರಿ. ಮಕ್ಕೊಂಡಾಳ." ಮುಂಜಾನೆ ಮಾಡಿದರೂ ಮಲಗಿದ್ದಾಳೆ, ಸಂಜೆ ಮಾಡಿದರೂ ಮಲಗಿದ್ದಾಳೆ. ಆಷಾಢಕ್ಕೆ ಹೊಸ ಸೊಸೆಯನ್ನು ತವರಿಗೆ ಕಳಿಸುವುದು ರೂಢಿ, ಅದಕ್ಕೂ ಕಳಿಸಲಿಲ್ಲ. "ನೀವು ಬರಬ್ಯಾಡ್ರಿ, ನಾವೇ ಕಳಸ್ತೀವಿ," ಎಂದು ಗಂಗೂಬಾಯಿ ಫೋನಿಡುವಳು. ಇತ್ತ ಕಾರು ಬಿಕ್ಕುವುದು.

ಭೀಮಾಶಂಕರನಿಗೂ ಅದು ಕೇಳಿಸಿತು. "ಅಳೋ ಗಾಡಿಯೊಳಗ ಯಾವ ಮದುಮಗಳು ಕುಂದರ್ತಾಳಬೇ, ಸುಗಲವ್ವ? ಗುಜರಿಗೆ ಹಾಕಲೇನು, ಇಲ್ಲಾ ಗುಡಿ ಕಟ್ಟಲೇನು?" ಎಂದು ನಕ್ಕ. ನಕ್ಕವನು ಅಂದಿನಿಂದ ಒಬ್ಬನೇ ಷೆಡ್ಡಿನೊಳಗೆ ಕಾಲಿಡಲಿಲ್ಲ.

ಆಮೇಲೆ ಮಳೆ ಬಿಡುವು ಕೊಟ್ಟಿತು. ನೆಲ ಒಣಗಿ ಬಿರಿಯಿತು. ಅಂಥ ದಿನವೂ ಕಾರು ಬಿಕ್ಕಿತು. ಕೊಳವೆಯ ಗಾಳಿಯೆಂದು ನಾನು ಹೇಳಿದ್ದು ಸುಳ್ಳಾಯಿತು.

"ತೂಬು ತಗದ್ರ ಮಗಳ ಹಿಂದ ಕಸ ಹೊಡದಂಗ," ಅಂದಳು ಸುಗಲಮ್ಮ. "ಬಿಟ್ರ ಆಕಿ ಅಳ್ಕೋತ ಕುಂದರ್ತಾಳ. ಏನು ಮಾಡ್ಲಿ ಹೇಳು, ಕಾಕಾ?"

ಕೊನೆಗೆ ಅವಳೇ ದಾರ ಕೈಗೆ ತೆಗೆದುಕೊಂಡಳು.

ನಾವಿಬ್ಬರೂ ಸೇರಿ ಟಾಪನ್ನು ಎತ್ತಿದೆವು. ಎಡ ಮೂಲೆಯ ತೂಬಿನ ಬಾಯಲ್ಲಿ ಜೋಳ ಮೊಳೆತಿತ್ತು. ಬಿಸಿಲು ಕಾಣದ ಮೊಳಕೆಗಳು ಹೆಣದ ಬೆರಳಿನಂತೆ ಬೆಳ್ಳಗಿದ್ದವು. ಸುಗಲಮ್ಮ ದಾರವನ್ನು ಇಳಿಸಿದಳು, ಹೋಗಲಿಲ್ಲ. ಮೊಳಕೆಯನ್ನೇ ಹಿಡಿದು ಜಗ್ಗಿದಳು. ಬೇರುಗಳು ಹೆಣೆದುಕೊಂಡು ಜಡೆಯಾಗಿದ್ದವು. ಎಳೆದಷ್ಟೂ ಬಂತು, ಮೊಳದುದ್ದ ಬಂತು, ಅದರೊಳಗೆ ಕರೀಮಣಿಯೂ ಒಂದು ಸಿಕ್ಕಿಕೊಂಡಿತ್ತು. ಬಿಕ್ಕು ಜೋರಾಯಿತು, ಒತ್ತೊತ್ತಾಯಿತು. ಜಡೆಯ ತುದಿ ಪಟ್ಟನೆ ಕಿತ್ತುಬಂತು. ಗಾಲಿಯ ಬುಡದಲ್ಲಿ ನೀರು ಭೊರ್ರೆಂದು ಬಿತ್ತು. ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು.

ಆಮೇಲೆ ಸದ್ದಿಲ್ಲ. ಅಳುವವರ ಬಾಯಿಗೆ ಯಾರೋ ಕೈ ಒತ್ತಿದ ಹಾಗೆ ನಿಂತುಹೋಯಿತು.

ನಾನು ನಿಟ್ಟುಸಿರು ಬಿಟ್ಟೆ. ಸುಗಲಮ್ಮನ ಮುಖ ಬೂದಿಯಾಗಿತ್ತು. "ಯಾಕ ಸುಮ್ನಾದ್ಲು ಕಾಕಾ? ಯಾಕ ಸುಮ್ನಾದ್ಲು?" ಎನ್ನುತ್ತ, ಕೈಯ ಕೆಸರನ್ನೂ ತೊಳೆಯದೆ ಬಸ್ಸಿನ ಕಡೆ ಓಡಿದಳು. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಹೋದೆ.

ಸಿಕಂದರಾಬಾದಿನ ಆ ಮನೆಯ ಬಾಗಿಲು ತೆರೆದವಳು ಗಂಗೂಬಾಯಿ. "ಹೇಳದ ಕೇಳದ ಬಂದೀರಲ್ರಿ ಬೀಗ್ತಿ? ಮಕ್ಕೊಂಡಾಳಂತ ಹೇಳಿದ್ದೆ..."

"ಎದ್ದೀನಿ," ಎಂಬ ಮಾತು ಒಳಗಿಂದ ಬಂತು.

ವಿಜಯಶ್ರೀ ಹೊರಗೆ ಬಂದಳು. ಮುಂಗೈ ತುಂಬ ಬಳೆ ಒಡೆದ ಗೀರುಗಳು, ಕೆಲವು ಹಳೆಯವು, ಕೆಲವು ಹಸಿ. ಮುಖದಲ್ಲಿ ಮಾತ್ರ ನೋವಿಲ್ಲ. ಕೈಯಲ್ಲಿ ಬಟ್ಟೆಯ ಗಂಟು ಕಟ್ಟಿ ಹಿಡಿದುಕೊಂಡಿದ್ದಳು.

"ದಿನಾ ಅಳ್ತಿದ್ನೆವ್ವಾ," ಅಂದಳು, ಬೇರೆ ಯಾರದೋ ಸುದ್ದಿ ಹೇಳುವಂತೆ. "ಅಳೂದು ಬಿಟ್ರ ಬ್ಯಾರೆ ಏನೂ ಆಗ್ತಿದ್ದಿಲ್ಲ. ಇವತ್ತು ಮಧ್ಯಾಹ್ನ ಎದಿಯೊಳಗಿಂದ ಏನೋ ಜಗ್ಗಿ ತಗದಂಗಾತು. ಅಳು ನಿಂತು ಹೋತು. ನಿಂತ ಮ್ಯಾಲ ನಾ ಇಲ್ಲಿ ಯಾಕ ಅದೀನಿ ಅನಸ್ತು."

"ನನ್ನ ಮಗ ಬರೂತನಕ ನಿಂದ್ರಬೇ!" ಎಂದು ಗಂಗೂಬಾಯಿ ತೋಳು ಚಾಚಿದಳು. ವಿಜಯಶ್ರೀ ಅವಳ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ನೋಡಿದಳು. ಆ ನೋಟದಲ್ಲಿ ಏನು ಕಂಡಳೋ, ಗಂಗೂಬಾಯಿ ತೋಳು ಮಡಚಿ ಗೋಡೆಗೆ ಸರಿದು ನಿಂತಳು. ಹುಡುಗಿ ತಾಯಿಗಿಂತ ಮೊದಲೇ ಮೆಟ್ಟಿಲು ಇಳಿದಳು.

ಈಗ ವಿಜಯಶ್ರೀ ಮೆಹದಿಪಟ್ಟಣದ ಮಾರ್ಕೆಟ್ಟಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೈತುಂಬಿಕೊಂಡಿದ್ದಾಳೆ. ಕಾರು ಮತ್ತೆ ಮದುವೆಗಳಿಗೆ ಹೋಗುತ್ತಿದೆ, ಯಾರೂ ದೂರಿಲ್ಲ. ಊರವರೆಲ್ಲ ಸುಗಲಮ್ಮ ಮಗಳನ್ನು ಉಳಿಸಿಕೊಂಡಳು ಎನ್ನುತ್ತಾರೆ. ನಿಜವೇ.

ಆದರೆ ವಿಜಯಶ್ರೀ ಅಂದಿನಿಂದ ಅತ್ತಿಲ್ಲ. ದೇವದುರ್ಗದಲ್ಲಿ ಅಜ್ಜಿ ತೀರಿಕೊಂಡಾಗ ಅಳುವ ಹೆಂಗಸರ ನಡುವೆ ಒಣಕಣ್ಣಿನಲ್ಲಿ ಕುಳಿತಿದ್ದಳಂತೆ. ಹೋದ ತಿಂಗಳು ಷೆಡ್ಡಿಗೆ ಬಂದಿದ್ದಾಗ ಟಾಪಿನ ಕಬ್ಬಿಣದ ಮಡಿಕೆಗೆ ಅವಳ ಬೆರಳು ಸಿಕ್ಕಿ ಉಗುರೇ ಕಿತ್ತುಬಂತು. ಅವಳು ರಕ್ತವನ್ನು ನೋಡುತ್ತ ನಿಂತಿದ್ದಳು. ಸುಗಲಮ್ಮ ಆ ಕೈಯನ್ನು ಸೆರಗಿನಲ್ಲಿ ಸುತ್ತಿ, ಮಗಳ ಗಲ್ಲ ಹಿಡಿದು ಬೇಡಿಕೊಂಡಳು:

"ಅಳು ನನ್ನವ್ವಾ. ಒಂದು ಸಲ ಅಳು."

ವಿಜಯಶ್ರೀ ತುಸು ಹೊತ್ತು ಮನಸ್ಸಿಟ್ಟು ಪ್ರಯತ್ನಿಸಿದಳು. ಆಮೇಲೆ ತಾಯಿಯ ಕಣ್ಣನ್ನು ತಾನೇ ಒರೆಸಿದಳು.

"ಬರವಲ್ದು, ಯವ್ವಾ."