ಬಂಗಲೆ ಸಾಲಿನಲ್ಲಿ ಬನ್ನಿ ಬಂಗಾರ

ದಾಂಡೇಲಿಯ ಕಾಗದದ ಕಾರಖಾನೆ ಇನ್ನೂ ಹೊಸದಾಗಿದ್ದ ಕಾಲವದು. ಕಾರ್ಮಿಕರ ಸಾಲುಮನೆಗಳಿದ್ದ ನಮ್ಮ ಚಾಳಿಗೆ ಹಗಲೆಲ್ಲ ಬೇಯುವ ಬಿದಿರಿನ ವಾಸನೆ. ಧನಿಕರು ಕಟ್ಟಿಸಿದ ಬಂಗಲೆಗಳ ಸಾಲಿಗೆ ಮಾತ್ರ ತುಪ್ಪದಲ್ಲಿ ಕರಿದ ಪೂರಿಯ ವಾಸನೆ! ಶಾಲೆಯಿಂದ ಬರುವಾಗ ನಾನೂ ಗೆಳತಿ ಮರಿಯಾಳೂ ದೊಡ್ಡವರಾದ ಮೇಲೆ ಯಾವ ಬಂಗಲೆ ಯಾರಿಗೆಂದು ಹಂಚಿಕೊಳ್ಳುವ ಆಟ ಆಡುತ್ತಿದ್ದೆವು.

ಮರಿಯಾಳ ಮನೆಯವರು ಹಳಿಯಾಳ ಕಡೆಯ ಸಿದ್ದಿ ಜನ. ಅವಳ ಅವ್ವ ನತಾಲಬಾಯಿ, ಕಟ್ಟಿಗೆ ವ್ಯಾಪಾರಿಯೊಬ್ಬನ ಬಂಗಲೆಯಲ್ಲಿ ಕಸ ಮುಸುರೆಗೆ ಹೋಗುತ್ತಿದ್ದಳು. ದಸರೆಗೆ ಎರಡು ದಿನ ಮೊದಲು ಅಲ್ಲಿಯ ಸೇಠಾಣಿಯ ಬಂಗಾರದ ಬಳೆ ಕಾಣೆಯಾಯಿತು. ಯಾರೂ ಹೆಸರು ಹೇಳಲಿಲ್ಲ. ಆದರೆ ನತಾಲಬಾಯಿ ಕೆಲಸ ಮಾಡುವಾಗ ಹಿಂದೆ ಒಬ್ಬರು ಬಂದು ನಿಲ್ಲತೊಡಗಿದರಂತೆ.

ನಮ್ಮ ಕಡೆ ದಸರೆಯಲ್ಲಿ ಬನ್ನಿ ಎಲೆಗೇ ಬಂಗಾರ ಅನ್ನುವುದು. ಅದನ್ನು ಕೈಗಿಟ್ಟು ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಅಂದರೆ ಹಳೆಯ ಸಿಟ್ಟು ಮರೆಯಬೇಕು. ಸೇಠಾಣಿಯ ಮುನಿಸೂ ಹೋದೀತೆಂದು, ಹಬ್ಬದ ದಿನ ಮರಿಯಾಳ ಕೈಗೆ ಬನ್ನಿ ಎಲೆ ಕೊಟ್ಟು, ಬೇಡವೆಂದರೂ ಅವಳನ್ನು ಆ ಬಂಗಲೆಗೆ ಎಳೆದುಕೊಂಡು ಹೋದವಳು ನಾನೇ. ಉತ್ತರದಿಂದ ಹೊಸದಾಗಿ ಬಂದ ಸೇಠಾಣಿಗೆ ಕನ್ನಡ ಬಾರದು. ನನಗೋ ನಾಲ್ಕು ಮಾತು ಹಿಂದಿ ಬರುತ್ತದೆಂಬ ಸೊಕ್ಕು. ಮರಿಯಾಳ ಮುಚ್ಚಿದ ಮುಷ್ಟಿ ತೋರಿಸಿ, “ಮರಿಯಾ ಸೋನಾ ಲಾಯಾ” ಅಂದೆ, ಮರಿಯಾ ಬಂಗಾರ ತಂದಿದ್ದಾಳೆ ಅಂತ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ನನ್ನಂಥವಳನ್ನು ನೋಡಿಯೇ ಇರಬೇಕು.

ಕದ್ದ ಬಳೆಯನ್ನು ತಾಯಿ ಮಗಳ ಕೈಯಲ್ಲಿ ವಾಪಸು ಕಳಿಸಿದ್ದಾಳೆ ಅಂದುಕೊಂಡಳು ಸೇಠಾಣಿ. ಮುಷ್ಟಿ ಬಿಡಿಸಿದರೆ ಎಲೆ. ಗೇಲಿ ಮಾಡಲು ಬಂದಿದ್ದೇವೆಂದು ಕೆಂಡವಾದಳು. ನತಾಲಬಾಯಿಯನ್ನು ಒಳಗಿನಿಂದ ಕರೆಸಿ, ಎಲ್ಲರೆದುರು ಕಳ್ಳಿ ಅಂದಳು, ನಾಳೆಯಿಂದ ಬರಬೇಡ ಅಂದಳು. ಮಾಲಿ ಓಡಿಬಂದು ಬನ್ನಿಯ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಅವ್ವ ಮಗಳು ಗೇಟು ದಾಟಿದ್ದರು.

ನಾಲ್ಕನೆಯ ದಿನ ಬಳೆ ಗಾದಿಯ ಸಂದಿಯಲ್ಲಿ ಸಿಕ್ಕಿತು. ಸೇಠಾಣಿಗೂ ಕೆಡುಕೆನಿಸಿತೇನೋ, ಕೆಲಸಕ್ಕೆ ಬಾ ಎಂದು ಮಾಲಿಯನ್ನು ಕಳಿಸಿದಳು. ನಾನು ಆಗ ಮರಿಯಾಳ ಮನೆಯಲ್ಲೇ ಇದ್ದೆ. ಅಕ್ಕಿ ಆರಿಸುತ್ತಿದ್ದ ನತಾಲಬಾಯಿ ತಲೆ ಎತ್ತಲಿಲ್ಲ.

“ಬಂಗಾರ ಸಿಕ್ಕೈತಲ್ಲ, ಇನ್ನ ನಾ ಯಾಕ ಬೇಕು ಅವರಿಗೆ? ಬರೂದಿಲ್ಲ ಅಂತ ಹೇಳ್ರಿ.”

ಹಾಗೆ ಹೇಳಿದ ಮೇಲೆ ದಾಂಡೇಲಿಯಲ್ಲಿ ಅವರಿಗೆ ಅನ್ನದ ದಾರಿ ಇರಲಿಲ್ಲ. ವಾರದೊಳಗೆ ಊರಿಗೆ ಹೊರಟರು. ಬಸ್ಸಿನ ಬದಿಗೆ ನಾನು ಅಳುತ್ತ ನಿಂತಿದ್ದೆ.

“ನೀ ಸುಮ್ಮನಿದ್ದಿದ್ರ ಆಗಿತ್ತು,” ಅಂದಳು ಮರಿಯಾ. ಬೈಯಲಿಲ್ಲ, ಇದ್ದದ್ದು ಹೇಳಿದಳು.

ಆ ಬಂಗಲೆಗಳಲ್ಲಿ ಕೆಲವು ಈಗ ಬಿದ್ದಿವೆ, ಕೆಲವಕ್ಕೆ ಬೀಗ ಬಿದ್ದಿದೆ. ಎಂಥ ವೈಭವ ಹೋಯಿತೆಂದು ಜನ ಮರುಗುತ್ತಾರೆ. ನನಗೆ ಆ ಮರುಕ ಬರುವುದಿಲ್ಲ. ಗೆಳತಿಯರು ಆಮೇಲೂ ಬೇಕಾದಷ್ಟು ಮಂದಿ ಆದರು. ನನ್ನ ತಪ್ಪನ್ನು ಮುಖಕ್ಕೇ ಹೇಳಿ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಿಂದ ನನಗೆ ಕೈ ಬೀಸಿದವಳಂಥವಳು ಇನ್ನೊಬ್ಬಳು ಸಿಗಲಿಲ್ಲ.